ಬಿಳಿ ಅಂಗಿಯ ಕೆಂಪು ಬೆರಳುಗಳು

ನದಿಯ ದಡದಲ್ಲಿ ಒಂದು ಹೆಂಚಿನ ಕಾರ್ಖಾನೆ ಇತ್ತು. ಅಲ್ಲಿ ಕೆಲಸ ಮಾಡುವವರು ಸೇರಿ ಒಂದು ಫುಟ್‌ಬಾಲ್ ಕ್ಲಬ್ ಕಟ್ಟಿಕೊಂಡಿದ್ದರು. ನಾನಿರುವ ಈ ದೂರದ ಊರಿನ ಮಕ್ಕಳು ಹೆಂಚನ್ನೇ ನೋಡಿಲ್ಲ, ಅದಕ್ಕೆ ಮೊದಲು ಅದನ್ನು ಹೇಳಿಬಿಡುತ್ತೇನೆ. ಹೆಂಚು ಎಂದರೆ ಮಣ್ಣನ್ನು ಅಚ್ಚಿನಲ್ಲಿ ಒತ್ತಿ, ಒಣಗಿಸಿ, ಗೂಡಿನ ಬೆಂಕಿಯಲ್ಲಿ ಸುಟ್ಟು ಮಾಡಿದ ಕೆಂಪು ಹಲಗೆ. ದಪ್ಪ ನೋಡಿದರೆ ಒಂದು ಬೆರಳಿನಷ್ಟೂ ಇಲ್ಲ. ಆದರೆ ಮನೆಯ ಮಾಡಿಗೆ ಸಾಲಾಗಿ ಹೊದಿಸಿದರೆ ನಾಲ್ಕು ತಿಂಗಳ ಮಳೆಯನ್ನು ತಡೆಯುತ್ತದೆ.

ಒಡೆದ ಹೆಂಚುಗಳನ್ನು ಪುಡಿ ಮಾಡಿ ಮೈದಾನಕ್ಕೆ ಹರಡುತ್ತಿದ್ದರು. ಮೈದಾನ ಕೆಂಪು. ಆಟಗಾರರ ಅಂಗಿ ಬಿಳಿ, ಮುಂಗೈವರೆಗೆ ತುಂಬುತೋಳು. ಭಾನುವಾರ ಆಟ ಮುಗಿಯುವಾಗ ಅಂಗಿಯೂ ಕೆಂಪಾಗುತ್ತಿತ್ತು.

ಆ ಕ್ಲಬ್ಬಿನಲ್ಲಿ ವರ್ಷಕ್ಕೊಬ್ಬ ಉತ್ತಮ ಆಟಗಾರನನ್ನು ಆರಿಸುವ ಪದ್ಧತಿ ಇತ್ತು. ಅವನಿಗೆ ಕಪ್ ಕೊಡುತ್ತಿರಲಿಲ್ಲ, ಹಾರ ಹಾಕುತ್ತಿರಲಿಲ್ಲ. ಒಂದು ಹಸಿ ಹೆಂಚಿನ ಮೇಲೆ ಮೊಳೆಯಿಂದ ಅವನ ಹೆಸರು ಕೊರೆದು, ಗೂಡಿನಲ್ಲಿ ಸುಟ್ಟು, ಕ್ಲಬ್ಬಿನ ಮಾಡಿಗೆ ಹೊದಿಸುತ್ತಿದ್ದರು. ಹೆಸರು ಕೆಳಮುಖವಾಗಿ ಇರಬೇಕು. ಹೊರಗೆ ನಿಂತವರಿಗೆ ಅದು ಕಾಣುತ್ತಿರಲಿಲ್ಲ. ಒಳಗೆ ಬಂದು ತಲೆ ಎತ್ತಿದರೆ ಮಾತ್ರ ಒಂದರ ಪಕ್ಕ ಒಂದು ಹೆಸರು ಕಾಣುತ್ತಿತ್ತು. ಮಕ್ಕಳು ಬೆಂಚಿನ ಮೇಲೆ ಅಂಗಾತ ಮಲಗಿ ಆ ಹೆಸರುಗಳನ್ನು ಓದುತ್ತಿದ್ದರು. ಇಪ್ಪತ್ತೆರಡು ವರ್ಷಕ್ಕೆ ಇಪ್ಪತ್ತೆರಡು ಹೆಸರು. ಮಳೆಗಾಲದಲ್ಲಿ ಆ ಹೆಸರುಗಳ ಬೆನ್ನ ಮೇಲೆ ಮಳೆ ಸುರಿಯುತ್ತಿತ್ತು, ಕೆಳಗೆ ಕೂತವರು ಬೆಚ್ಚಗಿರುತ್ತಿದ್ದರು.

ಆರಿಸುವವರು ಯಾರು? ಅದೇ ವಿಚಿತ್ರ. ಆರಿಸುತ್ತಿದ್ದವಳು ಒಂದು ಆಟವನ್ನೂ ನೋಡದ ಸೇಸಕ್ಕ.

ಸೇಸಕ್ಕ ಕ್ಲಬ್ಬಿನ ಅಂಗಿಗಳನ್ನು ಒಗೆಯುವವಳು. ನದಿಯ ಅಂಚಿನಲ್ಲಿ ಅವಳ ಒಗೆಯುವ ಕಲ್ಲು. ಮೊದಲ ವರ್ಷ ಉತ್ತಮ ಆಟಗಾರ ಯಾರೆಂದು ಕ್ಲಬ್ಬಿನಲ್ಲಿ ದೊಡ್ಡ ಜಗಳವಾಯಿತು. ಹನ್ನೊಂದು ಜನ ಹನ್ನೊಂದು ಹೆಸರು ಹೇಳಿದರು, ಹೆಚ್ಚಿನವರು ತಮ್ಮದನ್ನೇ. ಕ್ಲಬ್ಬಿನ ಹಿರಿಯ, ಗೂಡಿನ ಮೇಸ್ತ್ರಿ ಮೋನಪ್ಪ, ಸಿಟ್ಟಿನಿಂದ ಅಂಗಿಗಳ ಗಂಟನ್ನು ಹೊತ್ತು ಸೇಸಕ್ಕನ ಮುಂದೆ ಬಿಚ್ಚಿದ. ಆಟ ಗೊತ್ತಿಲ್ಲದವಳೇ ಹೇಳಲಿ, ಆಗ ಯಾರಿಗೂ ಪಕ್ಷಪಾತ ಎನ್ನಲು ಆಗುವುದಿಲ್ಲ ಎಂಬುದು ಅವನ ಲೆಕ್ಕ. ಸೇಸಕ್ಕ ಒಂದೊಂದೇ ಅಂಗಿಯನ್ನು ಬಿಸಿಲಿಗೆ ಹಿಡಿದು ನೋಡಿದಳು. ಒಂದನ್ನು ಪಕ್ಕಕ್ಕೆ ಇಟ್ಟಳು. ಅದು ಹಿಂದೆ ನಿಂತು ಆಡುವ ದೂಮಪ್ಪನದು. ಅವನು ವರ್ಷವಿಡೀ ಒಂದು ಗೋಲೂ ಹೊಡೆದಿರಲಿಲ್ಲ.

ಮೊದಲು ಎಲ್ಲರೂ ನಕ್ಕರು. ಹಿಂತಿರುಗಿ ನಡೆಯುವಾಗ ನಗು ನಿಂತಿತು. ಆ ಹೆಸರು ತಮಗೆ ಮೊದಲೇ ಗೊತ್ತಿತ್ತು ಎಂದು ಪ್ರತಿಯೊಬ್ಬನಿಗೂ ಅನ್ನಿಸಿತು. ಯಾಕೆ ಎಂದು ಯಾರಿಗೂ ಹೇಳಲು ಬರಲಿಲ್ಲ.

ಅಂದಿನಿಂದ ಅದೇ ನಿಯಮ. ಸೇಸಕ್ಕ ಆಟ ನೋಡಬಾರದು. ಅವಳ ಎದುರು ಆಟದ ಸುದ್ದಿ ಆಡಬಾರದು. ವಾರವಾರ ಅಂಗಿ ಒಗೆಯಬೇಕು. ವರ್ಷದ ಕೊನೆಯ ಆಟ ಮುಗಿದ ಮರುದಿನ ಒಂದು ಅಂಗಿಯನ್ನು ಒಗೆಯದೆ ಪಕ್ಕಕ್ಕೆ ಇಡಬೇಕು. ಅವಳು ಏನನ್ನು ನೋಡುತ್ತಾಳೆ ಎಂದು ಇಪ್ಪತ್ತೆರಡು ವರ್ಷ ಯಾರೂ ಕೇಳಲಿಲ್ಲ. ಕೇಳಲು ಒಂದು ಬಗೆಯ ಭಯವಿತ್ತು.

ಇಪ್ಪತ್ತಮೂರನೆಯ ವರ್ಷ ಕೇಳಿದವನು ವಲೇರಿಯನ್. ಊರಿಗೆಲ್ಲ ವಲ್ಲಿ. ಕ್ಲಬ್ಬಿನ ಇತಿಹಾಸದಲ್ಲೇ ಅವನಷ್ಟು ಗೋಲು ಹೊಡೆದವರು ಇರಲಿಲ್ಲ. ಆದರೆ ಮಾಡಿನಲ್ಲಿ ಅವನ ಹೆಸರಿನ ಹೆಂಚಿರಲಿಲ್ಲ. ಮಂಡಿ ಸವೆದಿತ್ತು, ಇದೇ ಕೊನೆಯ ವರ್ಷ ಎಂದು ಡಾಕ್ಟರು ಹೇಳಿದ್ದರು.

ಅವನಿಗೆ ಹೆಂಚು ಬೇಕಾಗಿದ್ದದ್ದು ತನಗಾಗಿ ಮಾತ್ರವಲ್ಲ. ಅವನ ಅಪ್ಪ ಪೆದ್ರು ಮೂವತ್ತು ವರ್ಷ ಅದೇ ಕಾರ್ಖಾನೆಯಲ್ಲಿ ಹಸಿ ಹೆಂಚುಗಳನ್ನು ತಲೆಯ ಮೇಲೆ ಹೊತ್ತು ಗೂಡಿಗೆ ಸಾಗಿಸಿದವನು. ಪ್ರತಿ ಹೆಂಚಿನ ಬೆನ್ನಲ್ಲೂ ಕಾರ್ಖಾನೆಯ ಹೆಸರು ಒತ್ತಿರುತ್ತಿತ್ತು. ಅಷ್ಟು ಹೆಂಚು ಹೊತ್ತವನ ಹೆಸರು ಒಂದರ ಮೇಲೂ ಇಲ್ಲದೆ ಅವನು ತೀರಿಕೊಂಡ. ಒಂದೇ ಒಂದು ಹೆಂಚಿನಲ್ಲಿ ‘ಪೆದ್ರು ಮಗ ವಲೇರಿಯನ್’ ಎಂದು ಕೊರೆಸಬೇಕು ಎಂಬುದು ವಲ್ಲಿಯ ಆಸೆ.

ಅವನು ಒಂದು ಸೋಮವಾರ ಅಂಗಿಗಳ ಗಂಟನ್ನು ತಾನೇ ಹೊತ್ತುಕೊಂಡು ಹೋದ. ಕಲ್ಲಿನ ಪಕ್ಕ ಕೂತು ನೇರವಾಗಿ ಕೇಳಿದ. ಸೇಸಕ್ಕನಿಗೆ ನಗು ಬಂತು. ಕೇಳಿದ್ದರೆ ಯಾವತ್ತೋ ಹೇಳುತ್ತಿದ್ದೆ ಎಂದಳು. ಬೇರೊಬ್ಬನ ಅಂಗಿ ತೆಗೆದು ಬಲತೋಳನ್ನು ತೋರಿಸಿದಳು. ಮುಂಗೈ ಹತ್ತಿರ ನಾಲ್ಕು ಕೆಂಪು ಬೆರಳು, ಒಂದು ಹೆಬ್ಬೆರಳು. ಬಿದ್ದವನನ್ನು ಕೈಕೊಟ್ಟು ಎಬ್ಬಿಸಿದಾಗ ಅವನ ಮಣ್ಣುಗೈ ತೋಳಿನಲ್ಲಿ ಅಚ್ಚಾಗುತ್ತದೆ. ಅವಳು ಇಷ್ಟು ವರ್ಷ ಎಣಿಸುತ್ತಿದ್ದದ್ದು ಅದನ್ನು.

ಆಮೇಲೆ ವಲ್ಲಿಯ ಅಂಗಿ ತೆಗೆದಳು.

“ನಿನ್ನದರಲ್ಲಿ ಮಣ್ಣು ಬೇಕಾದಷ್ಟುಂಟು ಮಗಾ. ಬೆರಳಿಲ್ಲ.”

ತಾನು ಹೊಡೆದ ಗೋಲುಗಳಿಗೆ ಏನೂ ಬೆಲೆ ಇಲ್ಲವೇ ಎಂದು ಅವನು ಕೇಳಿದ. ಗೋಲು ಬಟ್ಟೆಯಲ್ಲಿ ಬರುವುದಿಲ್ಲ ಎಂದು ಹೇಳಿ ಅವಳು ಅಂಗಿಯನ್ನು ನೀರಿಗೆ ಅದ್ದಿದಳು.

ಮುಂದಿನ ಭಾನುವಾರದಿಂದ ವಲ್ಲಿ ಬದಲಾದ. ಯಾರು ಬಿದ್ದರೂ ಓಡಿ ಹೋಗಿ ಕೈ ಚಾಚುತ್ತಿದ್ದ. ಅಂಗೈ ಕೊಟ್ಟರೆ ಗುರುತು ಉಳಿಯುವುದಿಲ್ಲ, ಅದಕ್ಕೆ ಮುಂಗೈಯನ್ನೇ ಮುಂದೆ ಮಾಡುತ್ತಿದ್ದ. ತಮ್ಮವರನ್ನೂ ಎತ್ತಿದ, ಎದುರಿನವರನ್ನೂ ಎತ್ತಿದ. ಒಮ್ಮೆ ಬೂಟಿನ ಲೇಸು ಕಟ್ಟಲು ಬಗ್ಗಿದವನನ್ನೂ ಎತ್ತಿಬಿಟ್ಟ. ಜೊತೆಗಾರರಿಗೆ ನಕ್ಕು ಸಾಕಾಯಿತು.

“ವಲ್ಲಿ, ನೀನು ಆಟಕ್ಕೆ ಬಂದದ್ದಾ, ಬಿದ್ದ ಹೆಂಚು ಹೆಕ್ಕಲಿಕ್ಕೆ ಬಂದದ್ದಾ ಮಾರಾಯ?”

ಅವನು ಲಕ್ಷ್ಯ ಕೊಡಲಿಲ್ಲ. ಆಟ ಮುಗಿದ ಮೇಲೆ ತೋಳನ್ನು ಬೆಳಕಿಗೆ ಹಿಡಿದು ಬೆರಳು ಎಣಿಸುತ್ತಿದ್ದ.

ಹೀಗೆ ಎರಡು ತಿಂಗಳು ಕಳೆಯಿತು. ಆಮೇಲೆ ಅವನಿಗೇ ತಿಳಿಯದ ಹಾಗೆ ಒಂದು ಸಂಗತಿ ನಡೆಯಿತು. ಎತ್ತಿ ಎತ್ತಿ ಅವನಿಗೆ ಮನುಷ್ಯರ ಭಾರ ಗೊತ್ತಾಗತೊಡಗಿತು. ಹೆಂಚು ಹೊತ್ತವನಿಗೆ ಯಾವುದು ಹಸಿ, ಯಾವುದು ಒಣಗಿದ್ದು ಎಂದು ಕೈಗೇ ತಿಳಿಯುತ್ತದೆ. ಹಾಗೆಯೇ ಇದು. ಒಬ್ಬ ಕೈ ಮುಟ್ಟಿದ ಕೂಡಲೇ ಜಿಗಿದು ಏಳುತ್ತಿದ್ದ. ಇನ್ನೊಬ್ಬ ಮೂಟೆಯ ಹಾಗೆ ಜೋತುಬೀಳುತ್ತಿದ್ದ, ಅವನು ಗೂಡಿನ ಬೆಂಕಿಯ ಮುಂದೆ ಎಂಟು ಗಂಟೆ ನಿಂತು ಊಟ ಮಾಡದೆ ಬಂದವನು. ಮತ್ತೊಬ್ಬ ಎದ್ದ ಮೇಲೂ ಹಿಡಿದ ಕೈ ಬಿಡುತ್ತಿರಲಿಲ್ಲ, ಅವನ ಮನೆಯಲ್ಲಿ ಮಗು ಜ್ವರದಲ್ಲಿ ಮಲಗಿತ್ತು. ಹತ್ತು ವರ್ಷ ಜೊತೆಗೆ ಆಡಿದ್ದರೂ ವಲ್ಲಿಗೆ ಇವರು ಯಾರೂ ಗೊತ್ತಿರಲಿಲ್ಲ. ಚೆಂಡು ಕೊಡುವವರು ಎಂದಷ್ಟೇ ಗೊತ್ತಿತ್ತು.

ಕೊನೆಕೊನೆಗೆ ಒಬ್ಬ ಬೀಳುವ ಮೊದಲೇ ವಲ್ಲಿ ಅವನ ಪಕ್ಕದಲ್ಲಿರುತ್ತಿದ್ದ. ಬೆರಳು ಎಣಿಸುವುದು ಯಾವ ವಾರ ಮರೆತುಹೋಯಿತೋ ಅವನಿಗೆ ನೆನಪಿಲ್ಲ.

ವರ್ಷದ ಕೊನೆಯ ಆಟ ಬಂತು. ಎದುರಿಗೆ ಬಂದರಿನ ತಂಡ, ಹಿಂದಿನ ವರ್ಷ ಕಪ್ ಗೆದ್ದವರು. ಆಟ ಸಮವಾದರೆ ಕಪ್ ಅವರಲ್ಲೇ ಉಳಿಯುತ್ತದೆ. ಆ ದಿನ ಮಳೆಗಾಲ ಒಂದು ವಾರ ಮೊದಲೇ ಶುರುವಾಯಿತು. ಮೈದಾನ ಕೆಂಪು ಹೊಳೆಯಾಯಿತು. ಅಂಗಿಗೆ ಹತ್ತಿದ ಮಣ್ಣು ಹತ್ತಿದಷ್ಟೇ ಬೇಗ ಇಳಿದುಹೋಗುತ್ತಿತ್ತು. ಇವತ್ತು ಒಂದು ಗುರುತೂ ಉಳಿಯುವುದಿಲ್ಲ ಎಂದು ವಲ್ಲಿಗೆ ಚೆನ್ನಾಗಿ ಗೊತ್ತಿತ್ತು.

ಎರಡು ಕಡೆಗೂ ಒಂದೊಂದು ಗೋಲು. ಕೊನೆಯ ನಿಮಿಷ. ಬಂದರಿನ ಗೋಲ್‌ಕೀಪರ್ ಅದ್ರಾಮ ಚೆಂಡಿಗೆ ಹಾರಿದ, ಚೆಂಡು ಅವನ ಕೈಯಿಂದ ಜಾರಿ ವಲ್ಲಿಯ ಕಾಲಿಗೆ ಬಂತು. ಮುಂದೆ ಗೋಲು ಖಾಲಿ. ಊರಿನ ಜನರೆಲ್ಲ ಎದ್ದು ನಿಂತರು. ಎಲ್ಲರ ಕಣ್ಣೂ ಚೆಂಡಿನ ಮೇಲೆ.

ವಲ್ಲಿಯ ಕಣ್ಣು ಮಾತ್ರ ಬಿದ್ದವನ ಮೇಲೆ ಹೋಯಿತು. ಅದ್ರಾಮನ ತಲೆ ಕಂಬಕ್ಕೆ ಬಡಿದಿತ್ತು. ಅವನು ಬೋರಲು ಬಿದ್ದಿದ್ದ. ಗೋಲ್‌ಕೀಪರ್‌ಗಳ ಕಾಲು ತುಳಿದು ತುಳಿದು ಆಗಿದ್ದ ಹಳ್ಳದಲ್ಲಿ ನೀರು ತುಂಬಿತ್ತು, ಅವನ ಮುಖ ಆ ನೀರಿನೊಳಗೆ ಇತ್ತು. ಎದ್ದೇಳುವ ಲಕ್ಷಣವಿರಲಿಲ್ಲ.

ವಲ್ಲಿ ಚೆಂಡನ್ನು ಬಿಟ್ಟ. ಮೊಣಕಾಲೂರಿ ಅದ್ರಾಮನನ್ನು ಮಗುಚಿ ಎತ್ತಿ ಎದೆಗೆ ಆನಿಸಿಕೊಂಡ. ಅದ್ರಾಮ ಕೆಮ್ಮಿದ, ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದುಕೊಂಡ. ಅಷ್ಟರಲ್ಲಿ ಬಂದರಿನವನೊಬ್ಬ ಚೆಂಡನ್ನು ಆಚೆಗೆ ಒದ್ದ, ಸೀಟಿ ಕೂಗಿತು. ಕಪ್ ದೋಣಿ ಹತ್ತಿ ಬಂದರಿಗೆ ವಾಪಸು ಹೋಯಿತು. ಮೋನಪ್ಪ ಮೇಸ್ತ್ರಿ ಆ ಸಂಜೆ ವಲ್ಲಿಯ ಜೊತೆ ಮಾತಾಡಲಿಲ್ಲ.

ಸೋಮವಾರ ಬೆಳಿಗ್ಗೆ ಸೇಸಕ್ಕ ಗಂಟು ಬಿಚ್ಚಿದಳು. ಮಳೆಯೇ ಒಗೆದು ಮುಗಿಸಿತ್ತು. ಹನ್ನೊಂದು ಅಂಗಿಗಳಿಗೂ ಒಂದೇ ನಸುಗೆಂಪು ಬಣ್ಣ, ಒಂದರಲ್ಲೂ ಗುರುತಿಲ್ಲ. ವಲ್ಲಿ ಬಂದು ಕಲ್ಲಿನ ಪಕ್ಕ ನಿಂತ. ಅವನಿಗೆ ನಿದ್ದೆ ಬಂದಿರಲಿಲ್ಲ.

“ಸೇಸಕ್ಕ, ಈ ಸಲ ನನ್ನ ಅಂಗಿ ಎತ್ತಿಡಬೇಡಿ. ಈ ವರ್ಷದ ಬೆರಳೆಲ್ಲ ಸುಳ್ಳು. ಹೆಂಚಿನ ಆಸೆಗೆ ಕೈ ಕೊಟ್ಟದ್ದು ನಾನು.”

“ಗೊತ್ತುಂಟು,” ಎಂದಳು ಸೇಸಕ್ಕ.

ಅವಳು ಅವನ ಅಂಗಿಯನ್ನು ಮಡಿಲಲ್ಲಿ ಹರಡಿಕೊಂಡಳು. ಮುಂಗೈ ಮೇಲೆ ಬೆರಳಿಟ್ಟಳು.

“ಮೊದಲ ಎರಡು ತಿಂಗಳು ಬೆರಳೆಲ್ಲ ಇಲ್ಲಿಯೇ ಇತ್ತು, ಕಾಗದಕ್ಕೆ ಮೊಹರು ಒತ್ತಿದ ಹಾಗೆ. ತೋಳು ಚಾಚಿಕೊಂಡು ನಿಂತವನ ಅಂಗಿ ಅದು. ಆಮೇಲೆ ಬೆರಳು ಮೊಣಕೈಗೆ ಹತ್ತಿತು. ಭುಜಕ್ಕೆ ಬಂತು. ಬೆನ್ನಿನಲ್ಲಿ ಐದೂ ಬೆರಳು ಕಂಡ ವಾರ ನಾನು ಅಂಗಿಯನ್ನು ನೀರಿಗೆ ಹಾಕದೆ ಸ್ವಲ್ಪ ಹೊತ್ತು ಕೂತೇ ಇದ್ದೆ. ಬೆನ್ನಿನಲ್ಲಿ ಬೆರಳು ಮೂಡಬೇಕಾದರೆ ಪೂರ್ತಿ ಬಗ್ಗಬೇಕು ಮಗಾ. ಎಣಿಸುವವನು ಅಷ್ಟು ಬಗ್ಗುವುದಿಲ್ಲ.”

“ಆದರೂ ಶುರುವಾದದ್ದು ಸುಳ್ಳಿನಿಂದ ಅಲ್ಲವಾ?”

“ಸುಳ್ಳು ನಿನ್ನದು. ಎದ್ದವರು ಸುಳ್ಳಿಗೆ ಎದ್ದರಾ?”

ಸೇಸಕ್ಕ ಅಂಗಿಯ ಎರಡೂ ತೋಳುಗಳನ್ನು ಜೋಡಿಸಿ ಅಳೆದಳು. ಬಲತೋಳು ಎಡತೋಳಿಗಿಂತ ಎರಡು ಬೆರಳು ಉದ್ದವಾಗಿತ್ತು. ಮಣ್ಣನ್ನು ಮಳೆ ತೊಳೆಯಬಹುದು, ಜಗ್ಗಿದ ಬಟ್ಟೆ ಹಿಂದಕ್ಕೆ ಹೋಗುವುದಿಲ್ಲ. ಆಮೇಲೆ ಅವಳು ಬಲತೋಳಿನ ತುದಿಯ ಕೈಪಟ್ಟಿಯನ್ನು ತಿರುಗಿಸಿದಳು. ಹೊಲಿಗೆ ಪೂರ್ತಿ ಬಿಚ್ಚಿತ್ತು, ಗುಂಡಿ ಕಿತ್ತುಹೋಗಿತ್ತು.

“ಇದು ಬರೀ ಬಿದ್ದವನು ಹಿಡಿದದ್ದಲ್ಲ. ಮುಳುಗುವವನು ಹಿಡಿದದ್ದು.”

ಅವಳಿಗೆ ಆಟದ ಸುದ್ದಿ ಯಾರೂ ಹೇಳಿರಲಿಲ್ಲ.

“ನಿನ್ನೆ ಮಳೆಯಲ್ಲಿ ಬೆರಳು ಉಳಿಯುವುದಿಲ್ಲ ಅಂತ ನಿನಗೆ ಗೊತ್ತಿರಲಿಲ್ಲವಾ?” ಎಂದು ಸೇಸಕ್ಕ ಕೇಳಿದಳು.

“ಗೊತ್ತಿತ್ತು.”

“ಮತ್ತೆ ನಿನ್ನೆಯ ಕೈ ಯಾವ ಆಸೆಯದ್ದು?”

ವಲ್ಲಿ ಉತ್ತರ ಹುಡುಕಿದ. ಎಷ್ಟು ಹುಡುಕಿದರೂ ಒಳಗೆ ಒಂದು ಆಸೆಯೂ ಸಿಗಲಿಲ್ಲ. ಅವನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟ.

ಮೋನಪ್ಪ ಮೇಸ್ತ್ರಿ ಬಂದಾಗ ಪಕ್ಕಕ್ಕೆ ಇಟ್ಟಿದ್ದ ಅಂಗಿ ವಲ್ಲಿಯದು. ಗೆಲ್ಲುವ ಗೋಲು ಬಿಟ್ಟವನಿಗಾ ಹೆಂಚು ಎಂದು ಮೇಸ್ತ್ರಿ ಗೊಣಗಿದ. ತನಗೆ ಗೋಲಿನ ವಿಷಯ ಗೊತ್ತಿಲ್ಲ ಎಂದು ಸೇಸಕ್ಕ ಹೇಳಿದಳು. ಮೇಸ್ತ್ರಿ ಆ ಹರಿದ ಕೈಪಟ್ಟಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಗೂಡಿನ ಕಡೆಗೆ ನಡೆದ.

ಹೆಸರನ್ನು ಮೇಸ್ತ್ರಿಯೇ ತನ್ನ ಕೈಯಿಂದ ಕೊರೆದ. ಪೆದ್ರು ಮಗ ವಲೇರಿಯನ್. ಹೆಂಚು ಇನ್ನೂ ಹಸಿಯಾಗಿತ್ತು. ಆಗ ತಲೆಗೆ ಪಟ್ಟಿ ಕಟ್ಟಿಕೊಂಡ ಅದ್ರಾಮ ದೋಣಿಯಲ್ಲಿ ಬಂದ. ತಾನೂ ಏನಾದರೂ ಬರೆಯಬೇಕು ಎಂದ. ಮೊಳೆ ಕೊಟ್ಟರು. ಅವನಿಗೆ ಬರೆಯಲು ಬರುತ್ತಿರಲಿಲ್ಲ. ಮೊಳೆಯನ್ನು ಕೆಳಗಿಟ್ಟು ಹೆಸರಿನ ಪಕ್ಕದಲ್ಲಿ ತನ್ನ ಬಲಗೈಯನ್ನು ಒತ್ತಿದ. ನಾಲ್ಕು ಬೆರಳು, ಒಂದು ಹೆಬ್ಬೆರಳು.

ಹೆಂಚನ್ನು ಸುಟ್ಟು ಮಾಡಿಗೆ ಹೊದಿಸಿದ ದಿನ ಸೇಸಕ್ಕ ಮೊದಲ ಸಲ ಕ್ಲಬ್ಬಿನ ಒಳಗೆ ಬಂದಳು. ಇಪ್ಪತ್ತಮೂರು ವರ್ಷ ಅಂತಹ ಬೆರಳುಗಳನ್ನು ಓದಿ, ಓದಿದ ಕೂಡಲೇ ತನ್ನ ಕೈಯಾರೆ ಒಗೆದು ಅಳಿಸಿದವಳು. ಅವಳು ತಲೆ ಎತ್ತಿ ನೋಡಿದಳು. ಹೊರಗೆ ಮಳೆ ಹೊಡೆಯುತ್ತಿತ್ತು. ಎಲ್ಲರೂ ಅವಳ ಮಾತಿಗೆ ಕಾದರು.

“ಇದೊಂದನ್ನು ಒಗೆಯಲಿಕ್ಕೆ ಆಗುವುದಿಲ್ಲ,” ಎಂದಳು.

ನೀತಿ: ಮನಸ್ಸು ಪೂರ್ತಿ ಶುದ್ಧವಾಗಲಿ ಎಂದು ಕಾಯುತ್ತ ಒಳ್ಳೆಯ ಕೆಲಸವನ್ನು ಮುಂದೂಡಬೇಡಿ. ಆಸೆಯಿಂದ ಚಾಚಿದ ಕೈಯೂ ಬಿದ್ದವನನ್ನು ಎಬ್ಬಿಸುತ್ತದೆ, ಎಬ್ಬಿಸುತ್ತ ಎಬ್ಬಿಸುತ್ತ ಆ ಕೈಗೆ ಮನಸ್ಸೂ ಬರುತ್ತದೆ. ಗುರುತು ಉಳಿಯುವುದಿಲ್ಲ ಎಂದು ಗೊತ್ತಿದ್ದ ದಿನ ಅದು ಏನು ಮಾಡುತ್ತದೆಯೋ, ಅದೇ ಅದರ ನಿಜವಾದ ಗುಣ.