ಕತ್ತರಿಯ ಬಾಯಿಗೆ ಬಂದ ಅಣು

ಹೃದಯದ ಒಂದು ಜೀವಕೋಶದಲ್ಲಿ, ಹಳೆಯ ಎಳೆಗಳನ್ನು ತುಂಡರಿಸುವ ಕಿಣ್ವವೊಂದಿತ್ತು. ಎಲ್ಲರೂ ಅದನ್ನು ಕತ್ತರಿ ಎನ್ನುತ್ತಿದ್ದರು. ಒಮ್ಮೆ ರಕ್ತ ಬರುವುದು ನಿಂತು ಕೋಶದ ಉಸಿರು ಕಟ್ಟಿತು. ಕತ್ತರಿಗೆ ಹುಚ್ಚು ಹಿಡಿದು, ಮನೆಯ ತೊಲೆಗಳನ್ನೇ ಕಚಕಚನೆ ಕತ್ತರಿಸತೊಡಗಿತು.

"ನಿಲ್ಲಿಸು ಮಾರಾಯ, ಸೂರು ನಮ್ಮೆಲ್ಲರ ಮೇಲೆ ಬೀಳುತ್ತದೆ" ಎಂದು ಗೋಡೆ ಬೇಡಿಕೊಂಡಿತು.

ನಿಲ್ಲಿಸಲು ಕತ್ತರಿಗೂ ಆಸೆಯೇ. ಆದರೆ ಬಾಯಿ ಅದರ ಮಾತು ಕೇಳಲಿಲ್ಲ.

ಅಷ್ಟರಲ್ಲಿ ರಕ್ತ ಮತ್ತೆ ಹರಿಯಿತು. ಅದರೊಂದಿಗೆ ಬಂದು ಗೋಡೆ ದಾಟಿದ, ಔಷಧದ ಪುಟ್ಟ ಅಣುವೊಂದು ಕತ್ತರಿಯ ಎದುರು ನಿಂತಿತು.

"ದೂರ ಹೋಗು, ನಿನ್ನನ್ನೂ ತುಂಡು ಮಾಡಿಬಿಡುತ್ತೇನೆ" ಎಂದಿತು ಕತ್ತರಿ.

"ನನ್ನ ಅಣ್ಣಂದಿರೆಲ್ಲ ನಿನ್ನಂಥ ಕತ್ತರಿಗಳಿಗೇ ತುತ್ತಾದರು. ಒಬ್ಬೊಬ್ಬರು ಸತ್ತಾಗಲೂ, ನಮ್ಮನ್ನು ಮಾಡುವವರು ನಿನ್ನ ಬಾಯಿಯ ಅಳತೆ ತಿದ್ದಿಕೊಂಡರು."

"ನನ್ನ ಬಾಯಿಯ ಅಳತೆಯೇ? ಯಾರವರು?"

"ನಾನೂ ಅವರ ಮುಖ ನೋಡಿಲ್ಲ. ಬಾಯಿ ತೆರೆ."

ಅಣು ಹಲ್ಲುಗಳ ನಡುವೆ ಹೊಕ್ಕು ಕುಳಿತಿತು. ಕೂದಲೆಳೆಯಷ್ಟೂ ಸಂದು ಉಳಿಯಲಿಲ್ಲ. ಕತ್ತರಿ ಕಚ್ಚಿದ ಬಾಯಿ ಮತ್ತೆ ತೆರೆಯಲಿಲ್ಲ, ತೊಲೆಗಳು ಉಳಿದುಕೊಂಡವು. ತನ್ನ ಗದ್ದಲ ನಿಂತ ಮೇಲೆ ಅದಕ್ಕೆ ಪಕ್ಕದ ಕೋಶ, ಅದರಾಚೆಯ ಕೋಶ, ಸಾವಿರಾರು ಮನೆಗಳಲ್ಲಿ ಕತ್ತರಿಗಳು ಆಡುವುದು ಕೇಳಿಸಿತು. ಕೇಳುತ್ತಿದ್ದಂತೆಯೇ, ಅಲ್ಲಿಗೂ ಇಂಥವೇ ಅಣುಗಳು ಹೊಕ್ಕವೇನೋ, ಯಾರೋ ದೀಪ ಆರಿಸುತ್ತ ಬಂದಂತೆ, ಅವು ಒಂದೊಂದಾಗಿ ಸುಮ್ಮನಾದವು.