ಎಳ್ಳುಕಾಳಿನಷ್ಟು ಚಿಪ್ಪು

ಕಡಲ ಬಂಡೆಯೊಂದರ ಪಕ್ಕದಲ್ಲಿ ಕಲ್ಯಾಣಮ್ಮ ಎಂಬ ಗುರುವಿನ ಆಶ್ರಮವಿತ್ತು. ತೆಂಗಿನ ಮಡಲು ಹೊದಿಸಿದ ಒಂದು ಚಾವಡಿ, ಅಷ್ಟೇ. ಶಿಷ್ಯನೂ ಒಬ್ಬನೇ, ದುಗ್ಗಪ್ಪ.

ಒಂದು ದಿನ ಸೀಮೆಯ ನಾಯಕನ ಆಳುಗಳು ಬಂದು ದುಗ್ಗಪ್ಪನ ಕೈಗೆ ಮಡಕೆ ಕೊಟ್ಟರು.

"ಈ ಬಂಡೆಯ ಬಸವನಹುಳುಗಳ ಚಿಪ್ಪು ಬೇಕು, ನಾಯಕರ ಪಲ್ಲಕ್ಕಿಯ ಸಿಂಗಾರಕ್ಕೆ. ದಡದಲ್ಲಿ ಸತ್ತು ಬಿದ್ದವಕ್ಕೆ ಹೊಳಪಿಲ್ಲ. ಜೀವ ಇರುವುದನ್ನೇ ಕಿತ್ತು ಕುದಿಯುವ ನೀರಿಗೆ ಹಾಕು. ನಾಳೆ ನಾಯಕರೇ ಬರುತ್ತಾರೆ."

ಆ ಹುಳು ಎಳ್ಳುಕಾಳಿನಷ್ಟು. ಬಂಡೆಯ ಬಿರುಕುಗಳಲ್ಲಿ ಗುಂಪುಗುಂಪಾಗಿ ಅಂಟಿಕೊಂಡಿರುತ್ತಿತ್ತು. ಆ ತೀರದಲ್ಲಿ ಬೇರೆಲ್ಲೂ ಇರಲಿಲ್ಲ.

ದುಗ್ಗಪ್ಪ ಬೆಳಗಿನಿಂದ ಹೆಕ್ಕಿದ. ಸಂಜೆ ಒಲೆ ಹೊತ್ತಿಸುವಾಗ ಕಲ್ಯಾಣಮ್ಮ ಬಂದರು.

"ಏನಿದು?"

"ನಾಯಕರು ಕೇಳಿದ್ದು, ಅಮ್ಮ."

"ನನ್ನನ್ನು ಕೇಳಿದೆಯಾ?"

"ಕೇಳಿದರೆ ಬೇಡ ಅನ್ನುತ್ತೀರಿ. ಬೇಡ ಅಂದರೆ ಅವರು ಆಶ್ರಮ ಉಳಿಸುವುದಿಲ್ಲ."

ಕಲ್ಯಾಣಮ್ಮ ಮಡಕೆಯಿಂದ ಒಂದು ಹುಳು ತೆಗೆದು ಅವನ ಅಂಗೈಯಲ್ಲಿಟ್ಟರು. ಸ್ವಲ್ಪ ಹೊತ್ತಿಗೆ ಅದು ಮೆಲ್ಲಗೆ ತಲೆ ಹೊರಹಾಕಿತು.

"ಮುಟ್ಟು."

ದುಗ್ಗಪ್ಪ ಉಗುರಿನ ತುದಿ ತಾಗಿಸಿದ. ಹುಳು ಸರಕ್ಕನೆ ಒಳಸರಿದು ಚಿಪ್ಪಿನ ಬಾಯಿಗೆ ಮುಚ್ಚಳ ಎಳೆದುಕೊಂಡಿತು.

ಅವನಿಗೆ ನಗು ಬಂತು. "ನನಗೇ ಬಾಗಿಲು ಹಾಕಿತಲ್ಲ ಅಮ್ಮ! ಉಗುರಲ್ಲಿ ಒತ್ತಿದರೆ ಪುಡಿಪುಡಿ."

"ಹೌದು."

"ಮತ್ತೆ, ಬಾಗಿಲು ಹಾಕಿ ಏನು ಬಂತು?"

"ನೀನು ಯಾರಿಗಾದರೂ, ಒಂದು ಸಲವಾದರೂ, ಬಾಗಿಲು ಹಾಕಿದ್ದೀಯಾ?"

ದುಗ್ಗಪ್ಪನ ನಗು ನಿಂತಿತು. ಅಂಗೈಯ ಹುಳುವನ್ನು ಮೆಲ್ಲಗೆ ಮಡಕೆಗೆ ಬಿಟ್ಟ. ಆಮೇಲೆ ಎದ್ದು ಒಲೆಗೆ ನೀರು ಸುರಿದ. ಮಡಕೆ ಹೊತ್ತು ಬಂಡೆಗೆ ಇಳಿದ. ಬೆರಳು ತರಚಿಕೊಳ್ಳುತ್ತ, ಹುಳುಗಳನ್ನೆಲ್ಲ ಬಿರುಕಿಗೆ ಸೇರಿಸಿ ಬಂದ.

ಬೆಳಿಗ್ಗೆ ನಾಯಕ ಬಂದ.

"ಎಲ್ಲಿ ಚಿಪ್ಪು?"

ಕಲ್ಯಾಣಮ್ಮ ಬಾಯಿ ತೆರೆಯುವ ಮೊದಲೇ ದುಗ್ಗಪ್ಪ ಮುಂದೆ ಬಂದ.

"ಬಂಡೆಯಲ್ಲಿವೆ, ಒಡೆಯ. ಅಲ್ಲೇ ಇರುತ್ತವೆ."

"ಕಿತ್ತು ಕೊಡು."

"ಕೊಡುವುದಿಲ್ಲ."

ನಾಯಕ ಕಲ್ಯಾಣಮ್ಮನ ಕಡೆ ತಿರುಗಿದ. "ನಿನ್ನ ಶಿಷ್ಯನಿಗೆ ಸ್ವಲ್ಪ ಬುದ್ಧಿ ಹೇಳು."

"ಹೇಳಿಯಾಯಿತು."

ನಾಯಕನ ಮುಖ ಕೆಂಪೇರಿತು. ಆಳುಗಳನ್ನು ಬಂಡೆಗೆ ಇಳಿಸಿದ. ಪಾಚಿಗೆ ಕಾಲಿಟ್ಟವರು ಜಾರಿ ಬಿದ್ದರು. ಎದ್ದವರ ದಪ್ಪ ಬೆರಳು ಬಿರುಕಿನೊಳಗೆ ಹೋಗಲಿಲ್ಲ. ಅಷ್ಟರಲ್ಲಿ ಉಬ್ಬರ ಏರಿ ಬಂಡೆ ಮುಳುಗಿತು.

"ಚಾವಡಿಗೆ ಬೆಂಕಿ ಹಾಕಿ!" ಎಂದ ನಾಯಕ.

ಒಣಗಿದ ಮಡಲು ಧಗ್ಗನೆ ಹೊತ್ತಿಕೊಂಡಿತು. ಕಲ್ಯಾಣಮ್ಮ ಬೇಡಲಿಲ್ಲ. ದುಗ್ಗಪ್ಪನೂ ಬೇಡಲಿಲ್ಲ. ನೋಡಿ ನೋಡಿ ನಾಯಕನಿಗೇ ಸಾಕಾಯಿತು.

"ನಾಳೆ ಮತ್ತೆ ಬರುತ್ತೇನೆ" ಎಂದು ಹೊರಟುಹೋದ.

ಬೆಂಕಿ ಆರಿತು. ಚಾವಡಿಯಿದ್ದ ಕಡೆ ನೆಲ ಮಾತ್ರ ಉಳಿಯಿತು.

"ಅಮ್ಮ, ಸೂರು ಹೋಯಿತು, ಅಕ್ಕಿ ಹೋಯಿತು. ನಾಳೆ ಅವರು ಬಂದೇ ಬರುತ್ತಾರೆ. ಈಗ ಏನು ಮಾಡುವುದು?"

ಕಲ್ಯಾಣಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಬೂದಿ ಗುಡಿಸು. ಪಾಠದ ಹೊತ್ತಾಯಿತು."