ಹಾಲು ಕುಡಿಸ್ತಿದ್ದ ನಾಯಿ ಯಾಕೆ ಎದ್ದು ಹೋಗುತ್ತೆ

ಇಲ್ಲ, ಅವಳು ಕೆಟ್ಟ ತಾಯಿ ಅಲ್ಲ. ಸುಮ್ನೆ ಏನೇನೋ ಅಂದ್ಕೋಬೇಡಿ.

ನೀವು ಬಾಯಿ ಬಿಟ್ಟು ಕೇಳ್ಲಿಲ್ಲ, ಒಪ್ಕೋತೀನಿ. ಮುಖ ಕೇಳ್ತು. ಬೀದಿ ಮೂಲೇಲಿ ಆ ನಾಯಿ ಮಲಗಿದ್ಲು, ಮರಿಗಳು ಚಪ್ಪರಿಸ್ಕೊಂಡು ಹಾಲು ಕುಡೀತಿದ್ವು, ಇದ್ದಕ್ಕಿದ್ದಂಗೆ ಎದ್ದು ನಿಂತ್ಲು. ಒಂದು ಮರಿ ಇನ್ನೂ ಮೊಲೆ ಬಿಡದೆ ನೇತಾಡ್ತಿತ್ತು. 'ಗುರ್ರ್' ಅಂದ್ಲು, ಮೈ ಕೊಡವಿದ್ಲು, ಹೋದ್ಲು. ತಿರುಗಿ ಕೂಡ ನೋಡ್ಲಿಲ್ಲ. ನೀವು ಮೂಗು ಮುರಿದ್ರಿ.

ಅದಕ್ಕೊಂದು ಕಾರಣ ಇದೆ. ಖುಷಿಯಾಗೋ ಕಾರಣ ಅಲ್ಲ. ಕೂತ್ಕೊಳ್ಳಿ.

ಆಗ ಲೋಕ ಹೊಸದು. ಎಷ್ಟು ಹೊಸದು ಅಂದ್ರೆ ಬೆಟ್ಟಗಳೆಲ್ಲ ಇನ್ನೂ ಹಸಿ, ಕೈ ಇಟ್ರೆ ಬೆರಳಿನ ಗುರುತು ಮೂಡ್ತಿತ್ತು. ಹೊಳೆಗೆ ಯಾವ ಕಡೆ ಹರೀಬೇಕು ಅಂತ ಗೊತ್ತಿರ್ಲಿಲ್ಲ. ಬೆಳಗ್ಗೆ ಒಂದ್ ಕಡೆ ಹೋಗಿ ಸಂಜೆ ವಾಪಸ್ ಬರ್ತಿತ್ತು. ಕಾಗೆ ಸಂಗೀತ ಕಲೀತಿತ್ತು, ಬೇಡಪ್ಪಾ ಅಂತ ಹೇಳೋ ಧೈರ್ಯ ಯಾರಿಗೂ ಇರ್ಲಿಲ್ಲ.

ಮನೆಗಳಿದ್ವು. ಬಾಗಿಲು ಮುಚ್ಚೋದು ಮಾತ್ರ ಯಾರಿಗೂ ಗೊತ್ತಿರ್ಲಿಲ್ಲ.

ಯಾಕಂದ್ರೆ ಆಗೊಂದು ಪದ್ಧತಿ ಇತ್ತು. ಹೊಸ್ತಿಲ ಹತ್ರ ಯಾರೇ ಬಂದು 'ಚಳಿ' ಅಂದ್ರೂ ಒಳಗಿರೋರು 'ಇರು' ಅನ್ಬೇಕು. ಒಂದ್ಸಲ 'ಇರು' ಅಂದ್ರೆ ಮುಗೀತು, ಆ ಮಾತನ್ನ ವಾಪಸ್ ತಗೊಳ್ಳೋ ಹಂಗಿಲ್ಲ. ಒಂದು ಕಪ್ಪೆ ಹಾವಿಗೆ 'ಇರು' ಅಂದಿತ್ತು. ಅದು ಬಹಳ ಚಿಕ್ಕ ಕಥೆ.

ಹೊಳೆ ಪಕ್ಕ ಮಾಳವ್ವ ಅನ್ನೋ ಮುದುಕಿ ಗುಡಿಸಲು. ಗುಡಿಸಲ ಬಾಯಿ ಪಕ್ಕಕ್ಕೆ ಒಂದು ದಪ್ಪ ಹಲಗೆ ಒರಗಿಸಿಟ್ಟಿದ್ಲು. ಅದು ಯಾಕಿದೆ ಅಂತ ಅವಳಿಗೂ ಗೊತ್ತಿಲ್ಲ. ಬಿಸಿಲು ಬಂದಾಗ ಅದರ ಮೇಲೆ ಹಪ್ಪಳ ಒಣಗಿಸ್ತಿದ್ಲು. ಅವಳ ಜೊತೆ ಇದ್ದಿದ್ದು ಕೆಂದಿ, ಲೋಕದಲ್ಲಿ ಮನುಷ್ಯರ ಮನೆ ಸೇರಿದ ಮೊದಲ ನಾಯಿ. ಕೆಂಪು ಮೈ, ಒಂದು ಕಿವಿ ನೆಟ್ಟಗೆ, ಇನ್ನೊಂದಕ್ಕೆ ಸೋಮಾರಿತನ. ಕೆಂದಿ ತುಂಬಿದ ಬಸುರಿ. ಹೊಸ್ತಿಲ ಮೇಲೆ ಮಲಗಿ, ಹೊಟ್ಟೇಲಿ ಮರಿಗಳು ಒದೆಯೋದನ್ನ ಎಣಿಸ್ತಿದ್ಲು.

ಆಗ ಒಂದು ಬಿಳೀ ಹುಳ ಬಂತು. ದಾರದಷ್ಟು ಸಣ್ಣ. ಕಣ್ಣಿಲ್ಲ, ಕಾಲಿಲ್ಲ, ಮನೆ ಇಲ್ಲ. ಅದೇ ಜಂತುಹುಳ.

"ಅಕ್ಕಾ, ಚಳಿ," ಅಂತು.

"ಬೇರೆ ಎಲ್ಲೂ ಕೇಳ್ಲಿಲ್ವಾ?"

"ಕೇಳ್ದೆ. ಬಂಡೆ ಹತ್ರ ಹೋದೆ, ಅದಕ್ಕೆ ಒಳಗೇ ಇಲ್ಲ. ಹೊಳೆ ಹತ್ರ ಹೋದೆ, 'ಇರು' ಅಂತು, ಆದ್ರೆ ಅದೇ ಒಂದ್ ಕಡೆ ಇರಲ್ಲ."

ಕೆಂದಿಗೆ ನಗು ಬಂತು. "ಎಲ್ಲಿರ್ತೀಯಾ?"

"ನಿನ್ನ ಮಾಂಸದ ಒಂದು ಮೂಲೇಲಿ. ಮಲಗಿರ್ತೀನಿ ಅಕ್ಕಾ. ನಿಂಗೆ ಗೊತ್ತೇ ಆಗಲ್ಲ."

ಕೆಂದಿ ಒಳ್ಳೆಯವಳು. ಅದೇ ಅವಳ ತೊಂದರೆ. "ಇರು," ಅಂದ್ಲು.

ಹುಳ ಒಳಗೆ ಹೋಯ್ತು, ಮಲಗ್ತು. ಹೇಳಿದಂಗೇ ಅವಳಿಗೆ ಗೊತ್ತೇ ಆಗ್ಲಿಲ್ಲ.

ಆರು ಮರಿ ಹುಟ್ಟಿದ್ವು. ಕೆಂದಿ ನೆಕ್ಕಿ ನೆಕ್ಕಿ ನಾಲಿಗೆ ಒಣಗಿಸ್ಕೊಂಡ್ಲು. ಮಾಳವ್ವ ಊರಿಗೆಲ್ಲ ಹೇಳ್ಕೊಂಡು ಬಂದ್ಲು. ಊರು ಅಂದ್ರೆ ಒಂಬತ್ತು ಗುಡಿಸಲು, ಅಷ್ಟೇ. ಆದ್ರೆ ಹೇಳೋಕೆ ಇಡೀ ದಿನ ತಗೊಂಡ್ಲು.

ಮೂರು ವಾರ ತುಂಬಿದ ದಿನ ಹೊಟ್ಟೆ ನೋಡೋ ಶಾಸ್ತ್ರ. ಆ ಊರಲ್ಲಿ ಎಳೆಗೂಸು ಯಾವುದೇ ಇರ್ಲಿ, ಮನುಷ್ಯಂದಾಗ್ಲಿ ಮೇಕೇದಾಗ್ಲಿ, ಹೊಟ್ಟೆಗೆ ಎಳ್ಳೆಣ್ಣೆ ಸವರಿ ಎಲ್ಲರಿಗೂ ತೋರಿಸ್ಬೇಕು. ಯಾರ ಹೊಟ್ಟೆ ದುಂಡಗಿದ್ಯೋ ಅದಕ್ಕೆ ಮೊದಲ ತುತ್ತು. ದುಂಡು ಹೊಟ್ಟೆ ಅಂದ್ರೆ ತುಂಬಿದ ಮನೆ ಅಂತ ಅವರ ಲೆಕ್ಕ.

ಆರೂ ಮರಿಗಳ ಹೊಟ್ಟೆ ಮಡಕೆ ತರ ಇತ್ತು. ಅದರಲ್ಲೂ ಒಂದು ಗಂಡುಮರಿ ಹೊಟ್ಟೆ ನೋಡಿ ಜನ ಚಪ್ಪಾಳೆ ತಟ್ಟಿದ್ರು. ಅದಕ್ಕೆ ಗುಡಾಣ ಅಂತ ಹೆಸರಿಟ್ರು, ದೊಡ್ಡ ನೀರಿನ ಮಡಕೆ ಹೆಸರು. ಗುಡಾಣ ನಡೆದ್ರೆ ಹೊಟ್ಟೆ ಮುಂದೆ, ಅವನು ಹಿಂದೆ.

"ನೋಡೇ ಕೆಂದಿ, ನಿನ್ನ ಹಾಲಿನ ಮಹಿಮೆ!" ಅಂದ್ಲು ಮಾಳವ್ವ. ಕೆಂದಿ ಬಾಲ ನೆಲಕ್ಕೆ ಬಡಿದು ಬಡಿದು ಧೂಳೆಬ್ಬಿಸಿದ್ಲು.

ಆಗ ಗಾಳಿ ಬಂತು. ಗಾಳಿಗೆ ಕೆಲಸ ಇಲ್ಲ, ಎಲ್ಲರ ಮನೆಗೂ ನುಗ್ಗುತ್ತೆ.

"ಅಜ್ಜೀ, ಹೊಟ್ಟೆ ಹಾಗಿರ್ಲಿ, ಬೆನ್ನು ಸವರಿ ನೋಡು. ಮೂಳೆ ಮೂಳೆ ಸಿಗ್ತಿದೆ. ಆ ಕೂದಲು ನೋಡು, ನನ್ನ ಕೈಗೆ ಒಣಹುಲ್ಲು ಸಿಕ್ಕಂಗಾಗುತ್ತೆ. ಹೊಳಪೇ ಇಲ್ಲ. ವಸಡು ಎತ್ತಿ ನೋಡು, ಕೆಂಪಿರ್ಬೇಕಾದ ಕಡೆ ಬೂದಿ ಬಣ್ಣ."

"ನಿಂಗೆ ಹೊಟ್ಟೆಕಿಚ್ಚು," ಅಂದ್ಲು ಕೆಂದಿ.

"ನಂಗೆ ಹೊಟ್ಟೇನೇ ಇಲ್ವಲ್ಲೇ," ಅಂತು ಗಾಳಿ.

ಎಲ್ಲರೂ ನಕ್ಕರು. ಮಾಳವ್ವ ಎಲ್ಲ ಮರಿಗೂ ಇನ್ನೊಂದು ಬಟ್ಟಲು ಗಂಜಿ ಹಾಕಿದ್ಲು. ಬೆನ್ನು ಮಾತ್ರ ಯಾರೂ ಸವರ್ಲಿಲ್ಲ.

ಮಾರನೇ ದಿನ ಒಂದು ಮರಿ ಏಳ್ಲಿಲ್ಲ.

ಕೆಂದಿ ಮೂತಿಯಿಂದ ನೂಕಿದ್ಲು. ಆಮೇಲೆ ನೆಕ್ಕಿದ್ಲು. ಆಮೇಲೆ ಮತ್ತೆ ನೂಕಿದ್ಲು. ಹೊಟ್ಟೆ ಇನ್ನೂ ದುಂಡಗೇ ಇತ್ತು. "ತುಂಬಿದ ಹೊಟ್ಟೇಲಿ ಹೋಯ್ತಲ್ಲ ಪುಣ್ಯಾತ್ಮ," ಅಂದ್ಲು ಮಾಳವ್ವ, ಮಣ್ಣು ಮಾಡಿದ್ಲು. ಎರಡು ದಿನಕ್ಕೆ ಇನ್ನೊಂದು. ಮರುದಿನ ಎರಡು. ಹೊಳೆ ದಡದಲ್ಲಿ ಸಣ್ಣ ಸಣ್ಣ ಗುಂಡಿ, ಸಾಲಾಗಿ. ಹೊಳೆ ನಾಚ್ಕೊಂಡು ಆ ಕಡೆ ಬರೋದನ್ನೇ ಬಿಡ್ತು.

ಉಳಿದಿದ್ದು ಎರಡು. ಗುಡಾಣ, ಮತ್ತೆ ಒಂದು ಸಣ್ಣ ಹೆಣ್ಣುಮರಿ. ಅದಕ್ಕೆ ಇನ್ನೂ ಹೆಸರಿಟ್ಟಿರ್ಲಿಲ್ಲ. ಒಂದು ಮಧ್ಯಾಹ್ನ ಆ ಹೆಣ್ಣುಮರಿ ಕೆಮ್ತು, ಕೆಮ್ತು, ಆಮೇಲೆ ವಾಂತಿ ಮಾಡ್ತು.

ಮಾಳವ್ವ ಬಗ್ಗಿ ನೋಡಿದ್ಲು. "ನಾನಿವತ್ತು ಶಾವಿಗೆ ಮಾಡಿಲ್ವಲ್ಲ?"

ಶಾವಿಗೆ ಅಲ್ಲಾಡ್ತು.

ಕೆಂದಿ ಹತ್ರ ಬಂದು ಮೂಸಿದ್ಲು. ಆ ಬಿಳೀ ಬಣ್ಣಾನ ಅವಳು ಮುಂಚೆನೇ ಹೊಸ್ತಿಲ ಮೇಲೆ ನೋಡಿದ್ಲು. ತನ್ನ ಮಾಂಸದ ಮೂಲೆ ಕಡೆ ತಿರುಗಿ ಕೂಗಿದ್ಲು: "ಲೋ! ಮಲಗಿರ್ತೀನಿ ಅಂದಿದ್ದೆ!"

ಒಳಗಿಂದ ನಿದ್ದೆ ತುಂಬಿದ ಧ್ವನಿ ಬಂತು. "ಮಲಗೇ ಇದೀನಲ್ಲ ಅಕ್ಕಾ. ಅವು ನನ್ನ ಮಕ್ಕಳು. ನಿನ್ನ ಮಕ್ಕಳು ನಿನ್ನೊಳಗಿದ್ದಾಗ್ಲೇ ನನ್ನವು ಎದ್ದು ಅವರ ಜೊತೆ ಸೇರ್ಕೊಂಡ್ವು. ಉಳಿದವು ಹಾಲಿನ ದಾರೀಲಿ ಹೋದ್ವು. ಒಳ್ಳೇ ದಾರಿ ಅಕ್ಕಾ, ಬೆಚ್ಚಗಿದೆ."

"ಹೊರಗೆ ಹೋಗು."

"'ಇರು' ಅಂದಿದೀಯ."

ಹುಳ ಅದನ್ನ ಕೊಬ್ಬಿಂದ ಹೇಳ್ಲಿಲ್ಲ, ನೆನಪು ಮಾಡ್ತು ಅಷ್ಟೇ. ಆ ಮಾತನ್ನ ವಾಪಸ್ ತಗೊಳ್ಳೋಕೆ ಲೋಕದಲ್ಲಿ ಪದವೇ ಇರ್ಲಿಲ್ಲ.

ಅಷ್ಟೊತ್ತಿಗೆ ಹೆಸರಿಲ್ಲದ ಮರಿ ಉಸಿರು ನಿಲ್ಲಿಸಿತ್ತು.

ಕೆಂದಿ ಓಡಿದ್ಲು. ಗುಡ್ಡದ ಮೇಲೆ ಮುತ್ತುಗದ ಮರ ಇತ್ತು, ಕೆಂಪು ಹೂವಿನ ಮುದುಕ. ಯಾರಿಗೂ ಸಲಿಗೆ ಕೊಡ್ತಿರ್ಲಿಲ್ಲ. ಆಗ ಲೋಕದಲ್ಲಿದ್ದ ಔಷಧಿ ಅಂದ್ರೆ ಅದೊಂದೇ.

"ಅಜ್ಜಾ, ಒಂದೇ ಮರಿ ಉಳಿದಿದೆ."

"ಆರಿದ್ದಾಗ ಬರ್ಬೇಕಿತ್ತು," ಅಂತು ಮರ. "ಹೊಟ್ಟೆ ದಪ್ಪ, ಬೆನ್ನು ಸಣ್ಣ?"

"ಹೂಂ."

"ಕುಂಡೆ ನೆಲಕ್ಕೆ ಉಜ್ಕೊಂಡು ಹೋಗುತ್ತಾ? ತಿಂದಷ್ಟೂ ಹಸಿವಾ? ಭೇದಿ?"

"ಹೂಂ ಅಜ್ಜಾ, ಹೂಂ."

"ಗಾಳಿ ಹೇಳ್ಲಿಲ್ವಾ?"

ಕೆಂದಿ ತಲೆ ತಗ್ಗಿಸಿದ್ಲು. ಮರ ಒಂದು ಕೊಂಬೆ ಕೊಡವಿ ಚಪ್ಪಟೆ ಬೀಜ ಉದುರಿಸ್ತು. "ಅರೆದು ಕೊಡೋಕೆ ಹೇಳು. ಮರಿ ಎಷ್ಟು ತೂಗುತ್ತೋ ಅಷ್ಟಕ್ಕೆ ತಕ್ಕಂಗೆ, ಒಂದು ಚಿಟಿಕೆ ಹೆಚ್ಚಾದ್ರೆ ಅದೇ ವಿಷ."

ಇಲ್ಲಿ ಒಂದ್ನಿಮಿಷ. ಯಾರಾದ್ರೂ ಈಗ ಬೀಜ ಆರಿಸೋಕೆ ಗುಡ್ಡಕ್ಕೆ ಹೋದ್ರೆ ಕಾಲು ಮುರೀತೀನಿ. ಅದು ಹೊಸ ಲೋಕದ ಔಷಧಿ, ಆಗ ಬೇರೆ ಗತಿ ಇರ್ಲಿಲ್ಲ. ಈಗ ದನದ ಆಸ್ಪತ್ರೆ ಡಾಕ್ಟರು ಮರೀನ ತಕ್ಕಡೀಲಿ ಕೂರಿಸಿ, ತೂಕ ನೋಡಿ, ಜಂತಿನ ಔಷಧಿ ಕೊಡ್ತಾರೆ. ಅದನ್ನೇ ಹಾಕಿಸಿ. ಸರಿ, ಮುಂದೆ.

ಅವತ್ತು ಅಮಾವಾಸ್ಯೆ. ಮಾಳವ್ವ ಬೀಜ ಅರೆದ್ಲು, ಚಿಟಿಕೆ ಲೆಕ್ಕದಲ್ಲಿ ಬೆಲ್ಲದ ನೀರಿಗೆ ಹಾಕಿ ಗುಡಾಣನ ಬಾಯಿಗೆ ಸುರಿದ್ಲು. ಅವನು ಅರ್ಧ ಉಗುಳಿದ, ಅರ್ಧ ನುಂಗಿದ. ಸಂಜೆ ಹೊತ್ತಿಗೆ ಹೊಟ್ಟೆಯೊಳಗಿಂದ ಶಾವಿಗೆ ಉಂಡೆ ಉಂಡೆಯಾಗಿ ಹೊರಗೆ ಬಿತ್ತು. ಮಾಳವ್ವ ಮೂಗು ಮುಚ್ಕೊಂಡು ಎಣಿಸೋಕೆ ಹೋಗಿ ಬಿಟ್ಟುಬಿಟ್ಲು. ಗುಡಾಣನ ಹೊಟ್ಟೆ ಇಳೀತು. ಅವನು ಮೊದಲ ಸಲ ನೆಮ್ಮದಿಯಾಗಿ ಮಲಗ್ದ.

"ಗೆದ್ವಿ ಕಣೆ!" ಅಂದ್ಲು ಮಾಳವ್ವ, ಉಳಿದ ಬೀಜ ಎಲ್ಲ ತಿಪ್ಪೆಗೆ ಎಸೆದ್ಲು. ಆ ಶಾವಿಗೆ ಗುಡ್ಡೇನೂ ಅಲ್ಲೇ ಅಂಗಳದಲ್ಲಿ ಬಿಟ್ಲು. ಕೆಂದಿ ಗುಡಾಣನ್ನ ಹೊಟ್ಟೆಗೆ ಒತ್ಕೊಂಡು ಹಾಲು ಕುಡಿಸಿದ್ಲು. ಬೇಕಾದಷ್ಟು ಕುಡಿಸಿದ್ಲು. ಆರು ಮಕ್ಕಳ ಹಾಲು ಒಬ್ಬನಿಗೇ.

ಹದಿನಾಲ್ಕು ದಿನ ಆಯ್ತು. ಕೆಂದಿ ಈ ಸಲ ಹೊಟ್ಟೆ ನೋಡ್ಲಿಲ್ಲ, ನಾಲಿಗೇಲಿ ಬೆನ್ನು ಸವರಿದ್ಲು.

ಮೂಳೆ ಸಿಕ್ತು.

ಹೊಟ್ಟೆ ಮತ್ತೆ ಮಡಕೆ ಆಗಿತ್ತು. ಊರವರು ಹಾದಿ ಮೇಲೆ ನಿಂತು "ನೋಡ್ರೋ, ಗುಡಾಣ ಚೇತರಿಸ್ಕೊಂಡ" ಅಂತಿದ್ರು.

ಕೆಂದಿ ಮತ್ತೆ ಗುಡ್ಡ ಹತ್ತಿದ್ಲು. ಮುತ್ತುಗದ ಮರಕ್ಕೆ ಸಿಟ್ಟು ಬಂದಿತ್ತು.

"ಒಂದೇ ಸಲ ಸಾಕು ಅಂತ ಯಾರು ಹೇಳಿದ್ದು? ಎದ್ದಿದ್ದ ಹುಳ ಸತ್ವು. ಮಲಗಿದ್ದವು ಈಗ ಎದ್ವು. ಅಮಾವಾಸ್ಯೆಗೊಂದ್ಸಲ, ಹುಣ್ಣಿಮೆಗೊಂದ್ಸಲ, ಮರಿಗೆ ಮೂರು ತಿಂಗಳು ತುಂಬೋ ತನಕ. ಆಮೇಲೂ ತಿಂಗಳಿಗೊಂದ್ಸಲ. ಅವನ ಹೇಲು ತೆಗೆದು ದೂರ ಹೂತು ಹಾಕ್ಬೇಕು, ಇಲ್ಲಾಂದ್ರೆ ಅದರಲ್ಲಿರೋ ಮೊಟ್ಟೆ ಮಣ್ಣಲ್ಲೇ ಕಾಯುತ್ತೆ. ಆ ಮುದುಕಿ ಕೈ ತೊಳೀದೆ ರಾಗಿ ಮುದ್ದೆ ಕಟ್ಟಿದ್ರೆ ಅವಳ ಹೊಟ್ಟೆಗೂ ಹೋಗುತ್ತೆ. ಮಕ್ಕಳು ಆ ಮಣ್ಣಲ್ಲಿ ಆಡಿದ್ರೆ ಅವರಿಗೂ."

"ಆಯ್ತು ಅಜ್ಜಾ. ನಾನೂ ಬೀಜ ತಿಂತೀನಿ."

"ತಿನ್ನು. ಕರುಳಲ್ಲಿರೋದು ಹೋಗುತ್ತೆ." ಮರದಿಂದ ಒಂದು ಹೂವು ಉದುರ್ತು. "ಮಾಂಸದ ಮೂಲೇಲಿ ಮಲಗಿರೋದು ಹೋಗಲ್ಲ. ಅದಕ್ಕೆ ನೀನು ಮಾತು ಕೊಟ್ಟಿದೀಯ. ನನ್ನ ಬೀಜ ಅಲ್ಲಿ ತನಕ ಮುಟ್ಟಲ್ಲ."

"ಹಂಗಾದ್ರೆ ನನ್ನ ಹಾಲು?"

ಮರ ಕೊಂಬೆ ಕೊಡವಿ ಬೀಜದ ಕಾಯಿ ಉದುರಿಸ್ತು.

ಕೆಂದಿ ಬಾಯಲ್ಲಿ ಬೀಜದ ಕಾಯಿ ಕಚ್ಕೊಂಡು ಇಳಿದು ಬಂದ್ಲು. ಗುಡಾಣ ಅವಳ ಹೆಜ್ಜೆ ಸದ್ದು ಕೇಳಿ ತೂರಾಡ್ಕೊಂಡು ಓಡಿ ಬಂದ. ಅವಳು ಮಲಗಿದ್ಲು. ಅವನು ಹಾಲಿಗೆ ಬಾಯಿ ಹಾಕಿದ, ಮುಂಗಾಲಲ್ಲಿ ಹೊಟ್ಟೆ ಒತ್ತಿ ಒತ್ತಿ ಕುಡಿಯೋಕೆ ಶುರು ಮಾಡ್ದ. ಹಾಲು ಇಳೀತು. ಹಾಲಿನ ಜೊತೆ ಬೆಚ್ಚಗೆ ಏನೋ ಹೊರಟಂಗಾಯ್ತು ಅವಳಿಗೆ.

ಅವಳು ಎದ್ದು ನಿಂತ್ಲು. ಗುಡಾಣ ನೇತಾಡಿ ಕೆಳಗೆ ಬಿದ್ದ.

"ಯಾಕೇ ಕೆಂದಿ? ಮಗು ಹಸಿದಿದೆ," ಅಂದ್ಲು ಮಾಳವ್ವ.

"ಗಂಜಿ ನೆಕ್ತಾನಲ್ಲ ಅವ್ವಾ. ಹಲ್ಲೂ ಬಂದಿದೆ. ಗಂಜಿ ಕೊಡು. ಬೀಜ ಅರೆದು ಕೊಡು, ಇವತ್ತು ಹುಣ್ಣಿಮೆ. ಹದಿನೈದು ದಿನಕ್ಕೆ ಅಮಾವಾಸ್ಯೆ, ಆವಾಗ್ಲೂ ಕೊಡು. ಎಸೀಬೇಡ. ಅಂಗಳ ಗುಡಿಸು. ಕೈ ತೊಳಿ."

"ನೀನೆಲ್ಲಿಗೆ?"

"ನನ್ನೊಳಗೊಬ್ಬ ನೆಂಟ ಇದಾನೆ ಅವ್ವಾ. ಅವನನ್ನ ಕಳಿಸೋಕಾಗಲ್ಲ. ನಾನೇ ಹೋಗ್ಬೇಕು."

ಮಾಳವ್ವ ಗಂಜಿ ಬಟ್ಟಲು ಎತ್ಕೊಂಡ್ಲು. ಗುಡಾಣ ಮತ್ತೆ ಓಡಿ ಬಂದು ಕೆಂದಿ ಕಾಲ ಸಂದಿಗೆ ತಲೆ ತೂರಿಸಿದ. ಕೆಂದಿ ಅವನನ್ನ ನೆಕ್ಕಬಾರ್ದು ಅಂದ್ಕೊಂಡ್ಲು. ನೆಕ್ಕಿದ್ಲು. ಒಂದೇ ಸಲ, ಬೆನ್ನ ಮೇಲೆ, ಮೂಳೆ ಸಿಗೋ ಕಡೆ.

ಗುಡಾಣ ಬದುಕಿದ. ಅದನ್ನ ಈಗ್ಲೇ ಹೇಳ್ಬಿಡ್ತೀನಿ, ನಿಮ್ಮ ಮುಖ ನೋಡೋಕಾಗ್ತಿಲ್ಲ. ಮಾಳವ್ವ ಒಂದು ಅಮಾವಾಸ್ಯೆನೂ ತಪ್ಪಿಸ್ಲಿಲ್ಲ. ಊರಲ್ಲಿ ಹೊಟ್ಟೆ ನೋಡೋ ಶಾಸ್ತ್ರ ನಿಂತು ಬೆನ್ನು ಸವರೋ ಶಾಸ್ತ್ರ ಶುರುವಾಯ್ತು. ಆದ್ರೆ ಗುಡಾಣನ ಮೈಯ ಮೂಲೇಲೂ ಆ 'ಇರು' ಮಲಗಿತ್ತು, ಅಂಗಳದ ಮಣ್ಣಲ್ಲಿ ಕಾಯ್ತಿದ್ದ ಮೊಟ್ಟೆಯಿಂದ ಅವನ ಹೆಣ್ಣುಮಕ್ಕಳ ಮೈಗೂ ಸೇರಿ ಮಲಗಿತ್ತು. ಅದಕ್ಕೇ ಇವತ್ತಿಗೂ ನಾಯಿಮರಿಗಳು ಹುಟ್ಟುವಾಗ್ಲೇ ನೆಂಟರನ್ನ ಕರ್ಕೊಂಡು ಬರೋದು.

ಅವತ್ತು ಇದ್ಯಾವುದೂ ಕೆಂದಿಗೆ ಗೊತ್ತಿರ್ಲಿಲ್ಲ. ಹೊಸ್ತಿಲು ದಾಟಿದ್ಲು. ಹಿಂದೆ ಮರಿ ಕುಂಯ್‌ಗುಟ್ತಾ ಬರ್ತಿತ್ತು. ಒರಗಿಸಿಟ್ಟಿದ್ದ ಹಪ್ಪಳದ ಹಲಗೆಗೆ ಮೂತಿ ಕೊಟ್ಲು. ಲೋಕ ಹುಟ್ಟಿದಾಗಿಂದ ಯಾರೂ ಮಾಡದೇ ಇದ್ದಿದ್ದನ್ನ ಮಾಡಿದ್ಲು. ತಳ್ಳಿದ್ಲು. ಹಲಗೆ ನೆಲ ಕೆರ್ಕೊಂಡು 'ಗುರ್ರ್ರ್' ಅಂತ ಸರೀತು, ಅವಳಿಗೂ ಮರಿಗೂ ಮಧ್ಯ ಇದ್ದ ಬೆಳಕು ಸಣ್ಣ ಆಯ್ತು, ಇನ್ನೂ ಸಣ್ಣ ಆಯ್ತು, ಹೋಯ್ತು.

ಈಗಿನ ಬೀದಿನಾಯಿಗೆ ತಳ್ಳೋಕೆ ಹಲಗೆ ಇಲ್ಲ, ಅದಕ್ಕೇ ಹಾಲು ಕುಡಿಸ್ತಾ ಇದ್ದವಳು ಇದ್ದಕ್ಕಿದ್ದಂಗೆ ಎದ್ದು, ಕೆಂದಿ ಬಾಗಿಲಿನ ಆ ಸದ್ದನ್ನ ತನ್ನ ಗಂಟಲಲ್ಲೇ ಮಾಡಿ, ತಿರುಗಿ ನೋಡದೆ ಹೊರಟು ಹೋಗ್ತಾಳೆ.